ಚಪ್ಪೆ ಸಡಿಲಾದ ಆಟಗಾರರಿಗೆ: ವ್ಯಾಯಾಮವೋ, ಸೂಜಿಯೋ, ಸರ್ಜರಿಯೋ?

ಕಳೆದ ಬೇಸಿಗೆಯಲ್ಲಿ ಮುಧೋಳ ಕಡೆಯ ಒಬ್ಬ ಕಬಡ್ಡಿ ರೇಡರ್ ಬಾಗಲಕೋಟೆಯ ನನ್ನ ಫಿಸಿಯೋ ಕ್ಲಿನಿಕ್ಕಿಗೆ ಬಂದ. ಕೈಯಲ್ಲಿ ದಪ್ಪ ಫೈಲು, ಅದರಲ್ಲಿ ಬೆನ್ನಿನ ಎಂಆರ್‌ಐ. "ಟೊಂಕ ನೋವು ಅಂತ ಹೇಳಿದ್ನಿರಿ, ಟೊಂಕದ್ದ ತೆಗದ್ರು" ಅಂದ. ಬೆನ್ನಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. "ಬಾಯಲ್ಲಿ ಬೇಡ, ಕೈಯಿಟ್ಟು ತೋರಿಸಪ್ಪಾ" ಅಂದೆ. ಹೆಬ್ಬೆರಳು ಹಿಂದೆ, ಉಳಿದ ನಾಲ್ಕು ಬೆರಳು ತೊಡೆಸಂದಿನ ಕಡೆ ಇಟ್ಟು, ಚಪ್ಪೆಯನ್ನು, ಅಂದರೆ ತೊಡೆ ಮೈಗೆ ಕೂಡುವ ಕೀಲಿನ ಜಾಗವನ್ನು, ತಂಬಿಗೆ ಹಿಡಿದ ಹಾಗೆ ಹಿಡಿದುಕೊಂಡ. ಆ ಕೈಯ ಆಕಾರ ಇಂಗ್ಲಿಷಿನ ಸಿ ಅಕ್ಷರದಂತಿರುತ್ತದೆ. ಡಾಕ್ಟರುಗಳು ಅದನ್ನು ಸಿ ಗುರುತು ಅಂತಲೇ ಕರೆಯುತ್ತಾರೆ. ಅದನ್ನು ನೋಡಿದರೆ ನೋವು ಬೆನ್ನಿನದಲ್ಲ, ಚಪ್ಪೆ ಕೀಲಿನ ಒಳಗಿನದು ಎಂಬ ಗುಮಾನಿ ಬರಲೇಬೇಕು.

ನಮ್ಮ ಕಡೆ ಟೊಂಕ ಅಂದರೆ ನಡುವೂ ಹೌದು, ಬೆನ್ನಿನ ಕೆಳಗಿನ ಭಾಗವೂ ಹೌದು, ಚಪ್ಪೆಯೂ ಹೌದು. ಈ ಒಂದು ಪದಕ್ಕೆ ಎಷ್ಟು ಜನ ಎಂಆರ್‌ಐ ದುಡ್ಡು ಕಳೆದಿದ್ದಾರೋ! ಆದ್ದರಿಂದ ಡಾಕ್ಟರ ಮುಂದೆ ಪದ ಹುಡುಕಬೇಡಿ, ಬೆರಳಿಟ್ಟು ತೋರಿಸಿ. ನೋವು ತೊಡೆಸಂದಿನಲ್ಲಿ, ಒಳಗೆ ಆಳದಲ್ಲಿ ಇದ್ದರೆ ಅದನ್ನೇ ಹೇಳಿ. ಕಾಲು ಕೈಕೊಟ್ಟಂತೆ ಆಗುತ್ತಿದ್ದರೆ ಅದನ್ನಂತೂ ತಪ್ಪದೆ ಹೇಳಿ.

ಆ ಹುಡುಗ ಕೇಳಿದ ಪ್ರಶ್ನೆಯನ್ನೇ ಆಮೇಲೆ ಬಹಳ ಜನ ಕೇಳಿದ್ದಾರೆ. ಒಬ್ಬರು ವ್ಯಾಯಾಮ ಅನ್ನುತ್ತಾರೆ, ಒಬ್ಬರು ಸೂಜಿ, ಒಬ್ಬರು ದೂರ್ಬೀನು ಸರ್ಜರಿ. ತಾಲೀಮಿನ ಹಿರಿಯರು ಮಾಲೀಶು ಅನ್ನುತ್ತಾರೆ. ಯಾವುದನ್ನು ಹಿಡಿಯುವುದು? ಮೊದಲೇ ಹೇಳಿಬಿಡುತ್ತೇನೆ, ನಾನು ಫಿಸಿಯೋ. ವ್ಯಾಯಾಮದ ಕಡೆ ನನ್ನ ಒಲವು ಸ್ವಲ್ಪ ಜಾಸ್ತಿಯೇ. ಅದನ್ನು ಕಳೆದು ಓದಿಕೊಳ್ಳಿ.

ಸಡಿಲ ಅಂದರೆ ಏನು

ಚಪ್ಪೆಯದು ಗುಂಡು ಮತ್ತು ಬಟ್ಟಲಿನ ಕೀಲು. ತೊಡೆ ಎಲುಬಿನ ತಲೆ ಗುಂಡು, ಅದು ಕೂರುವ ಗುಳಿ ಬಟ್ಟಲು. ಬಟ್ಟಲಿನ ಅಂಚಿಗೆ ಲೇಬ್ರಮ್ ಎಂಬ ಉಂಗುರ ಇದೆ, ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ. ಒಳಗಿನ ದ್ರವ ಸೋರದಂತೆ, ಗುಂಡು ಬಟ್ಟಲಿಗೆ ಹೀರಿಕೊಂಡು ಕೂತಿರುವಂತೆ ಅದು ನೋಡಿಕೊಳ್ಳುತ್ತದೆ. ಇದರ ಸುತ್ತ ಕ್ಯಾಪ್ಸೂಲ್ ಎಂಬ ಗಟ್ಟಿ ಚೀಲ. ಚೀಲದ ಮುಂಭಾಗದಲ್ಲಿರುವ ಇಲಿಯೊಫೆಮೊರಲ್ ಕಟ್ಟು (ಲಿಗಮೆಂಟ್) ಇಡೀ ಮೈಯಲ್ಲೇ ಅತಿ ಬಲವಾದ ಕಟ್ಟು. ಎಲ್ಲದರ ಹೊರಗೆ ಸ್ನಾಯುಗಳು.

ಇದರಲ್ಲಿ ಒಂದು ಕೈಕೊಟ್ಟರೂ ಗುಂಡು ಬಟ್ಟಲಿನೊಳಗೆ ಬೇಕಾದ್ದಕ್ಕಿಂತ ಜಾಸ್ತಿ ಅಲುಗಾಡುತ್ತದೆ. ಭುಜದ ಹಾಗೆ ಹೊರಗೆ ಜಾರಿ ಬೀಳುವುದು ಅಪರೂಪ. ಒಳಗೇ ಕೊಂಚ ಕೊಂಚ ಜಾರುತ್ತದೆ, ಅಂಚಿನ ಗ್ಯಾಸ್ಕೆಟ್ ಸವೆಯುತ್ತದೆ, ಒಂದು ದಿನ ಹರಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಅದಕ್ಕೇ "ನಾಟಕ ಮಾಡ್ತಾನ" ಎಂಬ ಮಾತು ಈ ಹುಡುಗರಿಗೆ ತಪ್ಪಿದ್ದಲ್ಲ.

ಒಂದು ವಿಷಯ ಮಾತ್ರ ಬೇರೆ. ಮೊಣಕಾಲು ಮಡಿಸಿ ಜೋರಾಗಿ ಬಿದ್ದು, ಕಾಲು ಗಿಡ್ಡವಾಗಿ ಒಳಕ್ಕೆ ತಿರುಗಿ ಅಲ್ಲೇ ನಿಂತುಬಿಟ್ಟರೆ ಗುಂಡು ಹಿಂದಕ್ಕೆ ಹೊರಬಂದಿರುತ್ತದೆ. ಆಗ ಹೋಲಿಕೆಗೂ ಆಯ್ಕೆಗೂ ಜಾಗ ಇಲ್ಲ. ಮೈದಾನದಲ್ಲಿ ಯಾರೂ ಎಳೆಯಬೇಡಿ, ಎಲುಬು ಕೂಡಿಸುವವರ ಮನೆಗೂ ಒಯ್ಯಬೇಡಿ. ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ. 6 ಗಂಟೆಯೊಳಗೆ ಕೂಡಿಸಿದರೆ ಒಳ್ಳೆಯದು. ತಡವಾದಷ್ಟೂ ಗುಂಡಿಗೆ ರಕ್ತ ಸಾಲದೆ ಎಲುಬು ಸಾಯುವ ಅಪಾಯ ಹೆಚ್ಚುತ್ತದೆ. ಕೂಡಿಸಿದ ಮೇಲೂ ಚೂರು ಉಳಿದಿದೆಯೇ ಎಂದು ಸಿಟಿ ಸ್ಕ್ಯಾನ್, ಕೆಲವು ವಾರ ಕಳೆದು ಎಂಆರ್‌ಐ ಬೇಕಾಗುತ್ತದೆ.

ಮೊದಲು ಅಳತೆಗೋಲು

ಆಯ್ಕೆ ಮಾಡುವ ಮೊದಲು ನಾನು ಕೇಳುವುದು ನಾಲ್ಕು ವಿಷಯ. ಬಟ್ಟಲು ಎಷ್ಟು ಆಳ ಇದೆ? ನೋವು ಒಂದೇ ಏಟಿಗೆ ಬಂತೋ, ನಿಧಾನಕ್ಕೆ ಬಂತೋ? ಹುಟ್ಟಾ ಮೈ ಎಷ್ಟು ಬಳುಕುತ್ತದೆ? ಕೈಯಲ್ಲಿ ಎಷ್ಟು ದಿನ, ಎಷ್ಟು ದುಡ್ಡು ಇದೆ?

ನಾಲ್ಕರಲ್ಲಿ ಮೊದಲನೆಯದೇ ದೊಡ್ಡದು. ಬಟ್ಟಲು ಹುಟ್ಟಿನಿಂದ ಚಪ್ಪಟೆ ಇದ್ದರೆ, ಅಂದರೆ ಊಟದ ಬಟ್ಟಲಿನ ಬದಲು ತಟ್ಟೆ ಇಟ್ಟ ಹಾಗಿದ್ದರೆ, ಗುಂಡು ಕೂರಲು ನೆಲೆಯೇ ಇರುವುದಿಲ್ಲ. ಆ ಕೆಲಸವನ್ನೆಲ್ಲ ಗ್ಯಾಸ್ಕೆಟ್ಟು ಮತ್ತು ಚೀಲ ಹೊರಬೇಕು. ಇದನ್ನು ಅಳೆಯುವುದು ಬಲು ಸುಲಭ. ನಿಂತು ತೆಗೆಸಿದ ಎರಡೂ ಚಪ್ಪೆಯ ಒಂದು ಸಾದಾ ಎಕ್ಸ್-ರೇ ಸಾಕು. ಗುಂಡಿನ ನಡುವಿನಿಂದ ನೇರ ಮೇಲಕ್ಕೆ ಒಂದು ಗೆರೆ, ಬಟ್ಟಲಿನ ಹೊರ ಅಂಚಿಗೆ ಇನ್ನೊಂದು ಗೆರೆ. ನಡುವಿನ ಕೋನ 25 ಡಿಗ್ರಿಗಿಂತ ಮೇಲಿದ್ದರೆ ಬಟ್ಟಲು ಸರಿಯಿದೆ. 20ರಿಂದ 25 ಇದ್ದರೆ ಅಂಚಿನಲ್ಲಿದೆ. 20ಕ್ಕಿಂತ ಕಡಿಮೆ ಇದ್ದರೆ ಬಟ್ಟಲು ಚಪ್ಪಟೆ. ಈ ಒಂದು ಸಂಖ್ಯೆ ಇಲ್ಲದೆ ಸರ್ಜರಿಯ ಮಾತು ಆಡುವವರನ್ನು ನಾನು ನಂಬುವುದಿಲ್ಲ. "ಸರ್, ಕೋನ ಎಷ್ಟೈತ್ರಿ?" ಎಂದು ನೀವೇ ಕೇಳಿ. ಕೇಳಿದ್ದಕ್ಕೆ ಯಾರೂ ಸಿಟ್ಟಾಗುವುದಿಲ್ಲ.

ಮೈ ಬಳುಕುವುದನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಹೆಬ್ಬೆರಳು ಬಾಗಿ ಮುಂಗೈಗೆ ತಾಗುತ್ತದಾ? ಕಿರುಬೆರಳು ಹಿಂದಕ್ಕೆ 90 ಡಿಗ್ರಿ ದಾಟುತ್ತದಾ? ಮೊಣಕೈ, ಮೊಣಕಾಲು ಹಿಂದಕ್ಕೆ 10 ಡಿಗ್ರಿಗಿಂತ ಜಾಸ್ತಿ ಬಾಗುತ್ತವಾ? ಒಂದೊಂದು ಬದಿಗೆ ಒಂದೊಂದು ಅಂಕ. ಮೊಣಕಾಲು ಮಡಿಸದೆ ಎರಡೂ ಅಂಗೈ ನೆಲಕ್ಕೆ ಊರಿದರೆ ಇನ್ನೊಂದು. ಒಟ್ಟು 9. ದೊಡ್ಡವರಲ್ಲಿ 5 ಅಥವಾ ಜಾಸ್ತಿ ಬಂದರೆ ಮೈಯೇ ಸಡಿಲ ಎಂದು ಲೆಕ್ಕ. ಮಲ್ಲಕಂಬ, ಯೋಗಾಸನ ಸ್ಪರ್ಧೆಯ ಮಕ್ಕಳಲ್ಲಿ ಇದು ಸಾಮಾನ್ಯ. ಅವರಿಗೆ ಬೇಕಾದದ್ದು ಬಲ. ಆದರೆ ಅವರಿಗೆ ಎಲ್ಲರೂ ಹೇಳುವುದು ಇನ್ನಷ್ಟು ಸ್ಟ್ರೆಚ್ ಮಾಡು ಅಂತಲೇ.

ಪರೀಕ್ಷೆಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು

ಕೈಯಿಂದ ಮಾಡುವ ಪರೀಕ್ಷೆಗೆ ಖರ್ಚಿಲ್ಲ, ಆದರೆ ಅದಕ್ಕೆ ಹತ್ತು ನಿಮಿಷ ಬೇಕು. ಮಂಚದ ಅಂಚಿನಲ್ಲಿ ಮಲಗಿಸಿ, ಒಳ್ಳೆಯ ಕಾಲನ್ನು ಎದೆಗೆ ಅಪ್ಪಿಕೊಳ್ಳಲು ಹೇಳಿ, ನೋವಿನ ಕಾಲನ್ನು ಕೆಳಗೆ ಇಳಿಬಿಟ್ಟು ಹೊರಕ್ಕೆ ತಿರುಗಿಸುತ್ತೇವೆ. ಆಗ ಕಾಲಿಗಿಂತ ಜಾಸ್ತಿ ನಾನು ನೋಡುವುದು ಮುಖವನ್ನು. ಆ ರೇಡರ್ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದು "ನೋವಲ್ರೀ, ಜಾರಿದಂಗ ಆಗತೈತ್ರಿ, ಬಿಡ್ರಿ" ಅಂದಿದ್ದ. ಆ "ಜಾರಿದಂಗ" ಎಂಬ ಮಾತೇ ನಮಗೆ ಬೇಕಾದದ್ದು. ಬೋರಲು ಮಲಗಿಸಿ ಗುಂಡನ್ನು ಹಿಂದಿನಿಂದ ಒತ್ತುವುದು, ಪಕ್ಕಕ್ಕೆ ಮಲಗಿಸಿ ಕಾಲು ಹಿಂದೆಳೆದು ತಿರುಗಿಸುವುದು ಹೀಗೆ ಇನ್ನೂ ಎರಡು ಇವೆ. ಮೂರಕ್ಕೆ ಮೂರೂ ಹೌದು ಅಂದರೆ ಅನುಮಾನಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ.

ಎಕ್ಸ್-ರೇ ನೂರಾರು ರೂಪಾಯಿಯ ಮಾತು, ಎಂಆರ್‌ಐ ಸಾವಿರಗಳ ಮಾತು. ಎಂಆರ್‌ಐ ಬೇಡ ಎನ್ನುತ್ತಿಲ್ಲ. ಆದರೆ ನೋವೇ ಇಲ್ಲದ ಎಷ್ಟೋ ಆಟಗಾರರ ಎಂಆರ್‌ಐನಲ್ಲೂ ಲೇಬ್ರಮ್ ಹರಿದಿರುವುದು ಕಾಣುತ್ತದೆ. "ಹರಿದೈತಿ" ಎಂದು ರಿಪೋರ್ಟ್ ಬಂದ ಕೂಡಲೇ ಸರ್ಜರಿಗೆ ಓಡಬೇಡಿ. ಕೀಲಿಗೆ ಬಣ್ಣದ ದ್ರವ ಬಿಟ್ಟು ತೆಗೆಯುವ ಆರ್ಥ್ರೋಗ್ರಾಮ್ ಲೇಬ್ರಮ್ಮನ್ನೂ ಚೀಲವನ್ನೂ ಇನ್ನೂ ಚೆನ್ನಾಗಿ ತೋರಿಸುತ್ತದೆ. ಅದಕ್ಕೆ ಜಾಸ್ತಿ ದುಡ್ಡು, ಜೊತೆಗೆ ಒಂದು ಸೂಜಿ. ನನ್ನ ಪ್ರಕಾರ ಸರ್ಜರಿಗೆ ಮನಸ್ಸು ಮಾಡುವ ಹೊತ್ತಿಗೆ ಅದನ್ನು ಮಾಡಿಸಿದರೆ ಸಾಕು.

ಅನುಮಾನ ಬಗೆಹರಿಯದಿದ್ದರೆ ಇನ್ನೊಂದು ದಾರಿ ಇದೆ. ಅಲ್ಟ್ರಾಸೌಂಡ್ ನೋಡುತ್ತಾ ಕೀಲಿನೊಳಗೆ ಬರೀ ಮರಗಟ್ಟಿಸುವ ಔಷಧ ಬಿಡುತ್ತಾರೆ. ಆ ಕೆಲವು ಗಂಟೆ ನೋವು ಮಾಯವಾದರೆ ನೋವಿನ ಮೂಲ ಕೀಲಿನೊಳಗೇ ಇದೆ. ಹೋಗದಿದ್ದರೆ ಬೆನ್ನು, ಹರ್ನಿಯಾ, ತೊಡೆಸಂದಿನ ಸ್ನಾಯು ಹುಡುಕಬೇಕು. ಸೂಜಿ ಹಾಕಿಸಿಕೊಂಡು ಸುಮ್ನೆ ಮಲಗಬೇಡಿ. ಯಾವ ಚಲನೆಗೆ ನೋವು ಬರುತ್ತಿತ್ತೋ ಅದನ್ನು ನಿಧಾನಕ್ಕೆ ಮಾಡಿ ನೋಡಿ.

ಚಪ್ಪೆ ಸಡಿಲ ಎಂದು ಕೂತು ಬೇರೆ ರೋಗ ಬಿಟ್ಟುಬಿಡುವುದೂ ಉಂಟು. ಬೆಳಗಾವಿಯಲ್ಲಿ ಸೇನಾ ಭರ್ತಿಗೆಂದು ದಿನಾ 1600 ಮೀಟರ್ ಓಡುವ ಹುಡುಗರಿಗೆ ತೊಡೆಸಂದಿನಲ್ಲಿ ನೋವು ಬಂದು, ಒಂಟಿ ಕಾಲಲ್ಲಿ ಜಿಗಿದರೆ ಜಾಸ್ತಿಯಾದರೆ, ತೊಡೆ ಎಲುಬಿನ ಕುತ್ತಿಗೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಆ ಮೇಲೂ ಓಡಿದರೆ ಪೂರ್ತಿ ಮುರಿಯಬಹುದು. 12ರಿಂದ 15 ವಯಸ್ಸಿನ ಹುಡುಗ ಮೊಣಕಾಲು ನೋವು ಎಂದು ಕುಂಟುತ್ತಿದ್ದರೂ ಚಪ್ಪೆಯ ಎಕ್ಸ್-ರೇ ಬೇಕು, ಬೆಳೆಯುವ ಎಲುಬಿನ ತಲೆ ಜಾರಿರುವ ಸಾಧ್ಯತೆ ಇದೆ. ರಾತ್ರಿ ನೋವು, ಸಣ್ಣ ಜ್ವರ, ತೂಕ ಇಳಿತ ಇದ್ದರೆ ಟಿಬಿ ನೋಡಿಸಿ.

ಮಾಲೀಶು

ತಾಲೀಮಿನ ಮಾಲೀಶಿನಿಂದ ಬಿಗಿದ ಸ್ನಾಯು ಬಿಡುತ್ತದೆ, ನಿದ್ದೆ ಬರುತ್ತದೆ, ನಾನೂ ಬೇಡ ಅನ್ನುವುದಿಲ್ಲ. ಆದರೆ ಸಡಿಲ ಕೀಲಿನ ಸುತ್ತ ಸ್ನಾಯು ಬಿಗಿದಿರುವುದು ಎಷ್ಟೋ ಸಲ ಕೀಲನ್ನು ಕಾಯಲಿಕ್ಕೇ. ಕಾಲು ಜಗ್ಗಿ, ಚಪ್ಪೆ ತಿರುಗಿಸಿ ಲಟಕ್ ಎನಿಸುವವರ ಹತ್ತಿರ ಮಾತ್ರ ಹೋಗಬೇಡಿ. ಇರುವ ಸಡಿಲವನ್ನು ಇನ್ನಷ್ಟು ಸಡಿಲ ಮಾಡಿದಂತೆ.

ವ್ಯಾಯಾಮ

ಬಟ್ಟಲು ಸರಿ ಇದ್ದರೆ, ಅಥವಾ ಅಂಚಿನಲ್ಲಿದ್ದರೂ, ಮೊದಲ ಆಯ್ಕೆ ಇದೇ. ಎಲುಬನ್ನು ಬದಲಿಸಲಾಗದು, ಹರಿದ ಗ್ಯಾಸ್ಕೆಟ್ ವ್ಯಾಯಾಮದಿಂದ ಕೂಡುವುದಿಲ್ಲ. ಆದರೆ ಹೊರಗಿನ ಸ್ನಾಯು ಬಲವಾದರೆ ಗುಂಡು ನಡುವಿನಲ್ಲೇ ನಿಲ್ಲುತ್ತದೆ. ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ.

ಗಡುವು ಮೂರು ತಿಂಗಳು. ಮೂರು ವಾರ ಮಾಡಿ "ಏನೂ ಆಗಲಿಲ್ಲ" ಅನ್ನುವುದು ಲೆಕ್ಕಕ್ಕಿಲ್ಲ. ಮೊದಲ ತಿಂಗಳು ಪಕ್ಕಕ್ಕೆ ಮಲಗಿ ಕಾಲೆತ್ತುವುದು, ಅಂಗಾತ ಮಲಗಿ ಕುಂಡಿ ಎತ್ತಿ ಹಿಡಿಯುವುದು, ಹೊಟ್ಟೆ ಮತ್ತು ಬೆನ್ನಿನ ಹಿಡಿತ. ಪೈಲ್ವಾನರಿಗೆ ಇದು ಹೆಂಗಸರ ಕಸರತ್ತು ಅನಿಸಿ ನಗು ಬರುತ್ತದೆ. ಸಾವಿರ ಬೈಠಕ್ ಹೊಡೆಯುವವನ ಕಾಲು ಪಕ್ಕಕ್ಕೆ ಹದಿನೈದು ಸಲ ಎತ್ತುವಷ್ಟರಲ್ಲಿ ನಡುಗುವುದನ್ನು ನಾನು ನೋಡಿದ್ದೇನೆ. ಬೈಠಕ್ ತೊಡೆಯ ಮುಂಭಾಗ ಬೆಳೆಸುತ್ತದೆ. ಚಪ್ಪೆಯನ್ನು ಪಕ್ಕದಿಂದ ಹಿಡಿಯುವ ಸ್ನಾಯುವಿನ ಕತೆ ಬೇರೆ. ಎರಡನೇ ತಿಂಗಳು ನಿಂತು ಮಾಡುವವು, ಒಂಟಿ ಕಾಲಿನವು. ಮೂರನೇ ತಿಂಗಳು ಆಟದ ಚಲನೆಗಳು.

ಈ ಹೊತ್ತಿನಲ್ಲಿ ಬಿಡಬೇಕಾದದ್ದೂ ಇದೆ. ಕಾಲನ್ನು ಹಿಂದೆ ಚಾಚಿ ಹೊರಕ್ಕೆ ತಿರುಗಿಸುವ ಸ್ಟ್ರೆಚ್, ಪೂರ್ತಿ ಕೆಳಗಿಳಿಯುವ ಬೈಠಕ್, ಕಾಲು ಅಗಲಿಸಿ ಕೂರುವುದು. ಕಬಡ್ಡಿಯಲ್ಲಿ ಡಿಫೆಂಡರ್ ಪಾದ ಹಿಡಿದಾಗ ರೇಡರ್ ಗೆರೆಯ ಕಡೆ ಮೈ ಚಾಚುತ್ತಾನಲ್ಲ, ಚಪ್ಪೆಯ ಮುಂಭಾಗ ಆಗಲೇ ಜಗ್ಗುವುದು. ಅದನ್ನು ಮೂರು ತಿಂಗಳು ಆಡಬಾರದು. ವಿಜಯಪುರ, ಜಮಖಂಡಿಯ ಸೈಕಲ್ ಹುಡುಗರ ಕತೆ ತುಸು ಬೇರೆ. ಅವರ ಕಾಲು ಯಾವಾಗಲೂ ಮಡಿಸಿಯೇ ಇರುತ್ತದೆ, ಆದ್ದರಿಂದ ಸಡಿಲಕ್ಕಿಂತ ಮುಂಭಾಗದಲ್ಲಿ ಸಿಕ್ಕಿಕೊಳ್ಳುವ ನೋವೇ ಜಾಸ್ತಿ. ಅವರು ದುಡ್ಡು ಖರ್ಚು ಮಾಡುವ ಮೊದಲು ಸೀಟಿನ ಎತ್ತರ ನೋಡಿಕೊಳ್ಳಲಿ. ಸೀಟು ತಗ್ಗಿದ್ದಷ್ಟೂ ಚಪ್ಪೆ ಜಾಸ್ತಿ ಮಡಿಯುತ್ತದೆ.

ಖರ್ಚು ಕಮ್ಮಿ, ಅಪಾಯ ಇಲ್ಲವೆನ್ನುವಷ್ಟು. ಇದರ ಬೆಲೆ ಅಂದರೆ ಸಮಯ. ಜಾತ್ರೆ ಕುಸ್ತಿಯ ಸೀಸನ್ನಿನಲ್ಲಿ ಮೂರು ತಿಂಗಳು ಅಖಾಡ ಬಿಡುವುದು ಪೈಲ್ವಾನನಿಗೆ ದುಡ್ಡಿನ ಪ್ರಶ್ನೆಯೂ ಹೌದು. ಆದ್ದರಿಂದ ಸೀಸನ್ ಮುಗಿದ ಮಾರನೇ ದಿನವೇ ಶುರು ಮಾಡಿ, ಮಳೆಗಾಲ ಅದಕ್ಕೇ ಇದೆ.

ಸೂಜಿ

ಸ್ಟಿರಾಯ್ಡ್ ಸೂಜಿಯಿಂದ ನೋವು ಕಡಿಮೆಯಾಗುತ್ತದೆ, ಸಡಿಲ ಕಡಿಮೆಯಾಗುವುದಿಲ್ಲ. ನೋವಿನಿಂದ ವ್ಯಾಯಾಮವೇ ಆಗುತ್ತಿಲ್ಲ ಎನ್ನುವವರಿಗೆ ಒಂದು ಸಲ ಸರಿ. ಟೂರ್ನಮೆಂಟಿಗೊಂದು ಸೂಜಿ ಹಾಕಿಸುವುದು ತಪ್ಪು. ನೋವು ಕಾವಲುಗಾರ ಇದ್ದ ಹಾಗೆ, ಅವನನ್ನು ಮಲಗಿಸಿ ಆಡಿದರೆ ಒಳಗಿನ ಮೃದ್ವಸ್ಥಿ ಸವೆಯುತ್ತದೆ. ಸದ್ಯದಲ್ಲೇ ಸರ್ಜರಿ ಇದ್ದರೆ ಸೋಂಕಿನ ಭಯದಿಂದ ಡಾಕ್ಟರರೇ ಬೇಡ ಅನ್ನುತ್ತಾರೆ. ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡುವವರು ಇನ್ನೊಂದು ಗಮನಿಸಬೇಕು. 2022ರ ಜನವರಿಯಿಂದ ಸ್ಪರ್ಧೆಯ ಸಮಯದಲ್ಲಿ ಸ್ಟಿರಾಯ್ಡ್ ಸೂಜಿ, ಕೀಲಿನೊಳಗೆ ಹಾಕಿದ್ದಾದರೂ, ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾದ ನಿಷೇಧ ಪಟ್ಟಿಯಲ್ಲಿದೆ. ಹಾಕಿಸುವ ಮೊದಲೇ ಡಾಕ್ಟರರಿಗೆ ನೀವು ಆಟಗಾರರೆಂದು ಹೇಳಿ.

ನಮ್ಮದೇ ರಕ್ತದಿಂದ ತಯಾರಿಸುವ ಪಿಆರ್‌ಪಿ ಸೂಜಿಗೆ ಈಗ ಭಾರಿ ಪ್ರಚಾರ. ಸಡಿಲ ಚಪ್ಪೆಗೆ ಅದರಿಂದ ಗುಣವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಆ ದುಡ್ಡನ್ನು ಹಾಲು, ಮೊಟ್ಟೆಗೆ ಹಾಕಿ.

ದೂರ್ಬೀನು ಸರ್ಜರಿ

ಮೂರು ತಿಂಗಳು ಪ್ರಾಮಾಣಿಕವಾಗಿ ವ್ಯಾಯಾಮ ಮಾಡಿಯೂ ಕಾಲು ಜಾರುತ್ತಿದೆ, ಬಟ್ಟಲಿನ ಕೋನ ಸರಿ ಇದೆ, ಲೇಬ್ರಮ್ ಹರಿದಿದೆ. ಈ ಮೂರೂ ಕೂಡಿದರೆ ಆರ್ಥ್ರೋಸ್ಕೊಪಿ ಯೋಚಿಸಬಹುದು. ಎರಡು ಮೂರು ಸಣ್ಣ ತೂತು ಮಾಡಿ, ಹರಿದ ಲೇಬ್ರಮ್ಮನ್ನು ಆಂಕರ್ ಎಂಬ ಸಣ್ಣ ಮೊಳೆ ಹಾಕಿ ಎಲುಬಿಗೆ ಹೊಲಿದು, ಸಡಿಲ ಚೀಲವನ್ನು ಬಿಗಿದು ಮುಚ್ಚುತ್ತಾರೆ.

ಆ ಕೊನೆಯ ಕೆಲಸ ಬಹಳ ಮುಖ್ಯ. ಒಳಗೆ ಹೋಗಲು ಚೀಲವನ್ನು ಕತ್ತರಿಸಲೇಬೇಕು. ವಾಪಸ್ ಬರುವಾಗ ಹೊಲಿಯದೆ ಬಿಟ್ಟರೆ ಸಡಿಲ ಇದ್ದದ್ದು ಇನ್ನೂ ಸಡಿಲವಾಗುತ್ತದೆ. ಬೇರೆ ಊರಲ್ಲಿ ಹಾಗೆ ಆಗಿ ಮೊದಲಿಗಿಂತ ಕೆಟ್ಟದಾಗಿ ಬಂದ ಒಬ್ಬ ಖೋ-ಖೋ ಹುಡುಗಿಯನ್ನು ನೋಡಿದ್ದೇನೆ. ಆದ್ದರಿಂದ ಕೇಳಲೇಬೇಕಾದ ಪ್ರಶ್ನೆ: "ಕ್ಯಾಪ್ಸೂಲ್ ಹೊಲೀತೀರೇನ್ರಿ? ವರ್ಷಕ್ಕೆ ಎಷ್ಟು ಚಪ್ಪೆ ಆರ್ಥ್ರೋಸ್ಕೊಪಿ ಮಾಡ್ತೀರಿ?" ಮೊಣಕಾಲಿನ ದೂರ್ಬೀನು ಸರ್ಜರಿ ಮಾಡುವವರು ಬಹಳ, ಚಪ್ಪೆಯದು ಕಮ್ಮಿ. ಎರಡೂ ಒಂದೇ ಅಲ್ಲ.

ಊರುಗೋಲು ಎರಡರಿಂದ ಆರು ವಾರ. ಆಟಕ್ಕೆ ಮರಳಲು ಸಾಮಾನ್ಯವಾಗಿ ಆರು ತಿಂಗಳು, ಕೆಲವರಿಗೆ ಜಾಸ್ತಿ. ತೊಡೆ ಜೋಮು ಹಿಡಿಯುವುದುಂಟು, ಬಹುತೇಕ ತಾನಾಗಿ ಹೋಗುತ್ತದೆ. ಯಾರೂ ಮೊದಲೇ ಹೇಳದ ತಾಪತ್ರಯ ಒಂದಿದೆ. ಮೊದಲ ವಾರಗಳಲ್ಲಿ ಕುಕ್ಕರುಗಾಲಲ್ಲಿ ಕೂರುವಂತಿಲ್ಲ, ನೆಲದ ಮೇಲೆ ಚಕ್ಕಳಮಕ್ಕಳ ಹಾಕುವಂತಿಲ್ಲ. ಮನೆಯಲ್ಲಿ ಕಮೋಡ್ ಇದೆಯಾ? ಇಲ್ಲದಿದ್ದರೆ ನಡುವೆ ತೂತಿರುವ ಕುರ್ಚಿಯನ್ನು ಸರ್ಜರಿಗೆ ಮೊದಲೇ ತಂದಿಡಿ.

ಬಟ್ಟಲು ತಿರುಗಿಸುವ ಸರ್ಜರಿ

ಕೋನ 20ಕ್ಕಿಂತ ಕಡಿಮೆ ಇದ್ದವರಿಗೆ ಬರೀ ಗ್ಯಾಸ್ಕೆಟ್ ಹೊಲಿದರೆ ಅದು ಮತ್ತೆ ಹರಿಯುವ ಸಾಧ್ಯತೆ ಜಾಸ್ತಿ, ಏಕೆಂದರೆ ತಪ್ಪಿರುವುದು ಬಟ್ಟಲಿನಲ್ಲಿ. ಅವರಿಗೆ ಪಿಎಒ ಎಂಬ ದೊಡ್ಡ ಸರ್ಜರಿ ಇದೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ರೈನ್‌ಹೋಲ್ಡ್ ಗಾಂಜ್ 1984ರಲ್ಲಿ ಶುರು ಮಾಡಿದ ವಿಧಾನ. ಬಟ್ಟಲಿನ ಸುತ್ತ ಎಲುಬು ಕತ್ತರಿಸಿ, ಗುಂಡಿನ ಮೇಲೆ ಸರಿಯಾಗಿ ಮುಚ್ಚುವಂತೆ ತಿರುಗಿಸಿ, ಸ್ಕ್ರೂ ಹಾಕುತ್ತಾರೆ. ಎಲುಬಿನ ಬೆಳವಣಿಗೆ ಮುಗಿದಿರಬೇಕು, ಕೀಲು ಸವೆದಿರಬಾರದು. ಎರಡು ತಿಂಗಳಷ್ಟು ಊರುಗೋಲು, ಆಟಕ್ಕೆ ಒಂಬತ್ತು ತಿಂಗಳಿಂದ ಒಂದು ವರ್ಷ. ಇದನ್ನು ಮಾಡುವ ಸರ್ಜನ್‌ಗಳು ಕಡಿಮೆ. ಬೆಂಗಳೂರು, ಪುಣೆ, ಮುಂಬೈ ಕಡೆ ಹುಡುಕಬೇಕಾಗಬಹುದು.

ಇಲ್ಲಿ ಆಟ ಮುಖ್ಯವೋ ಕೀಲು ಮುಖ್ಯವೋ ಎಂದು ಮನೆಯವರು ಕೂತು ಮಾತಾಡಬೇಕು. ಇಪ್ಪತ್ತು ವರ್ಷದ ಹುಡುಗಿಗೆ ಕೋನ 16 ಇದ್ದರೆ, ಆಡದೆ ಹೋದರೂ ನಲವತ್ತರ ಹೊತ್ತಿಗೆ ಕೀಲು ಸವೆಯುವ ಭಯ ಇದ್ದೇ ಇದೆ.

ಊರಲ್ಲೋ, ದೂರದಲ್ಲೋ

ಪತ್ತೆ ಮತ್ತು ವ್ಯಾಯಾಮಕ್ಕೆ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಈ ಮೂರೂ ಜಿಲ್ಲೆಗಳು ಸಾಕು. ಮೂರೂ ಊರಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಮೂಳೆ ವಿಭಾಗವೂ ಇದೆ. ಸರ್ಜರಿಗೆ ಮಾತ್ರ ಅನುಭವ ಇರುವ ಕಡೆ ಹೋಗಿ. ಆದರೆ ಆಮೇಲಿನ ಆರು ತಿಂಗಳ ಫಿಸಿಯೋ ನಿಮ್ಮೂರಲ್ಲೇ ಆಗುವಂತೆ ಸರ್ಜನ್ ಹತ್ತಿರ ವಾರವಾರದ ಲೆಕ್ಕ ಬರೆಸಿಕೊಂಡು ಬನ್ನಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ ಇದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ನಿಮಗೆ ಹೇಳಿದ ಸರ್ಜರಿ ಆ ಪಟ್ಟಿಯಲ್ಲಿದೆಯೇ, ಆಂಕರಿನ ದುಡ್ಡು ಅದರಲ್ಲೇ ಸೇರಿದೆಯೇ, ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕೇ ಎಂದು ದಾಖಲಾಗುವ ಮೊದಲೇ ಕೌಂಟರಿನಲ್ಲಿ ಕೇಳಿ.

ಇನ್ನು ಆ ರೇಡರ್. ಅವನ ಕೋನ 23, ಅಂದರೆ ಅಂಚಿನಲ್ಲಿ. ಮೈ ಬಳುಕಿಗೆ 9ಕ್ಕೆ 6. ವ್ಯಾಯಾಮ ಆಯ್ದುಕೊಂಡ. ಮೂರು ತಿಂಗಳು ಅಂದಿದ್ದು ನಾಲ್ಕೂವರೆ ಆಯಿತು, ನಡುವೆ ಮದುವೆಯೊಂದರಲ್ಲಿ ಕುಣಿದು ಎರಡು ವಾರ ಹಿಂದೆ ಬಿದ್ದ. ಮೈದಾನಕ್ಕೆ ಬಿಡುವ ಮೊದಲು ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನೋವಿನ ಕಾಲಲ್ಲಿ ನಿಲ್ಲಿಸಿ, ಇನ್ನೊಂದು ಕಾಲಿನ ಹಿಮ್ಮಡಿ ಕೆಳಗಿನ ಮೆಟ್ಟಿಲಿಗೆ ಮುಟ್ಟಿಸಿ ಮೇಲೆ ಬಾ ಅಂದೆ, ಹತ್ತು ಸಲ. ಮೊದಲ ತಿಂಗಳು ಎರಡನೇ ಸಲಕ್ಕೇ ನಡು ಪಕ್ಕಕ್ಕೆ ವಾಲಿ, ಮೊಣಕಾಲು ಒಳಕ್ಕೆ ಬೀಳುತ್ತಿತ್ತು. ಈ ಸಲ ಹತ್ತೂ ನೇರ. ಹನ್ನೊಂದನೆಯದು ನಾನು ಕೇಳಿರಲಿಲ್ಲ, ಅವನೇ ಮಾಡಿದ.